ಹೇಮಲತಾಳ ಹೆಸರಿನಲ್ಲಿ ಕೊಂಡ ವಿಮಾ ಶೇರುಗಳು

ಪುತ್ತೂರಿನ ಶೇರು ಬ್ರೋಕರ್ ಕಚೇರಿಯೊಂದರಲ್ಲಿ ನನ್ನ ಇಡೀ ವೃತ್ತಿಜೀವನ ಕಳೆಯಿತು. ಗ್ರಾಹಕರು ಹೇಳಿದ ಶೇರನ್ನು ಅವರ ಪರವಾಗಿ ಕಂಪ್ಯೂಟರಿನಲ್ಲಿ ಕೊಳ್ಳುವುದು, ಮಾರುವುದು ನನ್ನ ಕೆಲಸ. ಹುದ್ದೆಯ ಹೆಸರು ಡೀಲರ್. ಈ ಹೆಸರು ಕೇಳಿದ ಕೆಲವರು ನನ್ನನ್ನು ಸಿಮೆಂಟ್ ಏಜೆನ್ಸಿಯವಳೆಂದು ತಿಳಿದು ಚೀಲದ ರೇಟು ಕೇಳುತ್ತಿದ್ದರು.

ನಿವೃತ್ತಳಾದ ಮೇಲೆ ಒಂದು ದಿನ, ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಳು. ಓದಿದವಳು, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು. ಅವಳಿಗೆ ಇದ್ದದ್ದು ಒಂದೇ ಪ್ರಶ್ನೆ.

"ಅಕ್ಕ, ವರ್ಷ ವರ್ಷ ಆದಾಯ ಬರುವ ಹಾಗೆ ಜೀವವಿಮಾ ಕಂಪನಿಯ ಶೇರು ಆರಿಸಿ ಕೊಡಿ ಅಂತ ಜನ ಕೇಳ್ತಾರೆ. ಎಂತ ನೋಡಿ ಆರಿಸುದು?"

ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಗೊತ್ತಿಲ್ಲ ಎಂದರೆ ಅಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿಯಾಳು. ಗೊತ್ತು ಎಂದರೆ ಸುಳ್ಳಾಗುತ್ತದೆ. ಚಹಾ ಕುಡಿದು, ಮಳೆಯ ಮಾತಾಡಿ ಅವಳು ಹೋದಳು. ಆಮೇಲೆ ಅನ್ನಿಸಿತು, ಉತ್ತರ ಇಲ್ಲದಿದ್ದರೂ ಆ ಪ್ರಶ್ನೆ ನನ್ನನ್ನು ಎಲ್ಲೆಲ್ಲಿ ಅಲೆಸಿತು ಎಂದಾದರೂ ಬರೆದಿಡಬಹುದು. ಈ ಕೆಲಸಕ್ಕೆ ಬರುವವರು ಓದಿಕೊಳ್ಳಲಿ. ನನಗೆ ಅರ್ಥವಾಗದ್ದು ಅವರಿಗೆ ಆದರೆ ಸಂತೋಷ.

ನಾನು ಸೇರಿದಾಗ ಶೇರು ಎಂದರೆ ಕಾಗದ. ಮಾರಿದವರ ಸಹಿ ಮಾಡಿಸಿ, ವರ್ಗಾವಣೆಯ ಅರ್ಜಿಗೆ ಸ್ಟಾಂಪು ಹಚ್ಚಿ, ಅಂಚೆಯಲ್ಲಿ ಕಳಿಸಿ ಕಾಯಬೇಕಿತ್ತು. ಸಹಿ ಹೊಂದುವುದಿಲ್ಲ ಎಂದು ಎಷ್ಟೋ ಅರ್ಜಿಗಳು ತಿರುಗಿ ಬರುತ್ತಿದ್ದವು. ಜಾಲ್ಸೂರಿನಲ್ಲಿ ರಬ್ಬರ್ ವ್ಯಾಪಾರ ಮಾಡುತ್ತಿದ್ದ ಹಮೀದ್ ಬ್ಯಾರಿಯವರದು ಮತ್ತೆ ಮತ್ತೆ ತಿರುಗಿ ಬಂದಾಗ ಅವರು ನನ್ನ ಮೇಜಿನ ಮುಂದೆ ಕೂತು, "ನನ್ನ ಕೈಯೇ ನನ್ನದಲ್ಲ ಅಂತ ಹೇಳ್ತಾರಲ್ಲ ಮಾರಾಯ್ರೆ, ಇನ್ನು ಶೇರು ಹೇಗೆ ನನ್ನದಾಗುದು?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ್ದರು. ಅವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಕಾಗದ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರಿನ ಬದಿಯಲ್ಲಿ ಮೊಬೈಲ್ ಬಂತು. ಕೊನೆಗೆ ಕಚೇರಿಯ ಫೋನಿನಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುವ ವ್ಯವಸ್ಥೆ ಬಂತು. ಅಲ್ಲಿಂದ ಮುಂದೆ ಗ್ರಾಹಕರಿಗೆ ಇದನ್ನು ಕೊಳ್ಳಿ, ಅದನ್ನು ಮಾರಿ ಎಂದು ಡೀಲರ್ ಆದವಳು ಹೇಳುವಂತಿಲ್ಲ. ಸಲಹೆ ಕೊಡಲು ಬೇರೆ ಜನ ಇದ್ದಾರೆ. ನಾನು ಹೇಳಬೇಕಾದದ್ದು ಒಂದೇ ಮಾತು: "ಅದು ನಿಮ್ಮ ತೀರ್ಮಾನ." ಸುಳ್ಯದಿಂದಲೋ ಕಡಬದಿಂದಲೋ ಬಸ್ಸು ಹಿಡಿದು ಬಂದವರು ಎದುರು ಕೂತು "ನೀವು ಎಂತ ಹೇಳುದು?" ಎಂದು ಕೇಳುವಾಗ ಹಾಗೆ ಹೇಳುವುದು ಎಷ್ಟು ಕಷ್ಟವೆಂದು, ಈ ಕೆಲಸಕ್ಕೆ ಬರುವವರು ಮೊದಲೇ ತಿಳಿದಿರಬೇಕು.

ನಮ್ಮ ಶಾಖೆಯ ಮುಖ್ಯಸ್ಥರು ಸುಧಾಕರ ಸರ್. ತೆಳ್ಳಗಿನ ಮನುಷ್ಯ, ಜೋರಾಗಿ ಮಾತಾಡಿದ್ದು ಕೇಳಿದವರಿಲ್ಲ. ನಿವೃತ್ತರು ಆದಾಯದ ಶೇರು ಬೇಕೆಂದು ಬಂದರೆ ಅವರು ನೋಡುತ್ತಿದ್ದದ್ದು ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಶೇರುದಾರರಿಗೆ ಹಂಚುವ ಪಾಲು. "ಒಳ್ಳೆಯ ವರ್ಷದಲ್ಲಿ ಎಲ್ಲರೂ ಕೊಡ್ತಾರೆ ಶಾರದಾ. ಕಷ್ಟದ ವರ್ಷದಲ್ಲಿ ಯಾರು ಕೊಟ್ಟಿದ್ದಾರೆ ಅಂತ ನೋಡು. ಅಷ್ಟು ನೋಡಿದರೆ ಸಾಕು," ಎಂದು ಅವರು ನನಗೆ ಕಲಿಸಿದ್ದರು. ಬಹಳ ವರ್ಷ ಅಷ್ಟು ಸಾಕಾಗಿತ್ತು ಕೂಡ.

ಜೀವವಿಮಾ ಕಂಪನಿಗಳು ಶೇರು ಪೇಟೆಗೆ ಬಂದವು. ಅಲ್ಲಿಂದ ಗೊಂದಲ ಶುರುವಾಯಿತು.

ಮೊದಲ ಗೊಂದಲ ಹೆಸರಿನದು. ಪಾಲಿಸಿ ಮಾಡಿಸಿದವನು ಕಂಪನಿಯ ಗ್ರಾಹಕ, ಶೇರು ಕೊಂಡವನು ಅದೇ ಕಂಪನಿಯ ಪಾಲುದಾರ. ಎರಡೂ ಬೇರೆ ಎಂದು ನಾವು ಹೇಳುತ್ತಿದ್ದೆವು, ಜನ ತಲೆಯಾಡಿಸುತ್ತಿದ್ದರು. ಒಂದು ಮಧ್ಯಾಹ್ನ ಆಲಂಕಾರಿನ ಒಬ್ಬ ಹೆಂಗಸು ತಮ್ಮನ ಜೊತೆ ಬಂದರು. ಗಂಡ ಅಂಗಡಿ ನಡೆಸುತ್ತಿದ್ದವರು, ಎದೆನೋವು ಬಂದು ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಆಕೆ ಗಂಡನ ಶೇರುಗಳ ಪಟ್ಟಿಯೆಂದು ನಮ್ಮ ಕಚೇರಿ ಕೊಟ್ಟ ಕಾಗದವನ್ನು ಮೇಜಿನ ಮೇಲಿಟ್ಟು ಕಾದರು. ಅದರಲ್ಲಿ ಒಂದು ಜೀವವಿಮಾ ಕಂಪನಿಯ ಕೆಲವು ಶೇರುಗಳಿದ್ದವು.

"ಇದು ನಿಮ್ಮ ಹೆಸರಿಗೆ ಬರ್ತದೆ. ಬೇಕಾದ್ರೆ ಮಾರಬಹುದು," ಎಂದೆ.

"ಅದಲ್ಲ ಮೇಡಂ. ವಿಮೆಯದ್ದು?"

"ವಿಮೆ ಬೇರೆ. ಇದು ಶೇರು."

"ಅವರು ಹೇಳಿದ್ರು, ವಿಮಾ ಕಂಪನಿಯಲ್ಲಿ ದುಡ್ಡು ಹಾಕಿದ್ದೇನೆ, ನನಗೆ ಏನಾದ್ರೂ ಆದ್ರೆ ನೀನು ಹೆದರ್ಬೇಡ ಅಂತ."

ತಮ್ಮನಿಗೆ ಅರ್ಥವಾಗಿತ್ತು. ಅವನು ಅಕ್ಕನ ಮುಖ ನೋಡದೆ ಕಿಟಕಿಯ ಕಡೆ ತಿರುಗಿ ಕೂತ. ನಾನು ಇನ್ನೊಮ್ಮೆ ವಿವರಿಸಿದೆ, ಮತ್ತೊಮ್ಮೆ ವಿವರಿಸಿದೆ. ಪ್ರತಿ ಸಲವೂ ನನ್ನ ವಿವರಣೆ ನನಗೇ ಒಂದು ಮೋಸದ ಹಾಗೆ ಕೇಳಿಸುತ್ತಿತ್ತು. ಗಂಡನಿಗೆ ತಾನು ಏನು ಕೊಂಡದ್ದೆಂದು ಗೊತ್ತಿತ್ತೋ ಇಲ್ಲವೋ, ಹೆಂಡತಿಯ ಧೈರ್ಯಕ್ಕೆ ಹಾಗೆ ಹೇಳಿದ್ದೋ, ಅದನ್ನು ತಿಳಿಯುವ ದಾರಿ ಇರಲಿಲ್ಲ. ಕೊನೆಗೆ ಆಕೆ, "ಹಾಗಾದ್ರೆ ಆ ಕಂಪನಿ ಯಾರಿಗೆ ಕೊಡುದು?" ಎಂದು ಕೇಳಿ ಎದ್ದರು.

ಕಂಪನಿ ಯಾರಿಗೆ ಕೊಡುತ್ತದೆ ಎಂಬ ಆ ಪ್ರಶ್ನೆಯನ್ನು ನಾನು ಸರಿಯಾಗಿ ಯೋಚಿಸತೊಡಗಿದ್ದು ಲಿಂಗಪ್ಪ ಗೌಡರು ಬಂದ ಮೇಲೆ.

ಲಿಂಗಪ್ಪ ಗೌಡರು ಕಾಣಿಯೂರಿನವರು, ಜೀವವಿಮೆಯ ಏಜೆಂಟರು. ಕಾಣಿಯೂರಿನಿಂದ ಸುಳ್ಯದವರೆಗೆ ಅವರಿಂದ ಪಾಲಿಸಿ ಮಾಡಿಸಿದ ಮನೆಗಳಿದ್ದವು. ಮೊದಲು ಸೈಕಲ್, ಆಮೇಲೆ ಬಸ್ಸು. ಮೋಟರ್ ಸೈಕಲ್ ಕಲಿಯಲು ಹೋಗಿ ಬಿದ್ದವರು ಮತ್ತೆ ಮುಟ್ಟಲಿಲ್ಲ. ಅವರಿಗೆ ಒಬ್ಬಳೇ ಮಗಳು, ಹೇಮಲತಾ. ಸಣ್ಣವಳಿರುವಾಗ ಬಂದ ಮೆದುಳು ಜ್ವರ ಅವಳ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ಮುಖದ ಒಂದು ಬದಿ ಬಿಗಿದುಕೊಂಡದ್ದರಿಂದ ಮಾತು ನಿಧಾನ. ಗೌಡರು ಬಂದಾಗ ಅವಳಿಗೆ ಮೂವತ್ತರ ಹತ್ತಿರ.

"ನಾನು ಇಲ್ಲದ ಕಾಲಕ್ಕೆ ಅವಳಿಗೆ ವರ್ಷ ವರ್ಷ ಏನಾದ್ರೂ ಬರ್ತಾ ಇರ್ಬೇಕು ಮೇಡಂ. ಮುಟ್ಟಿದರೆ ಮುಗಿಯುವ ಹಾಗಿರಬಾರದು," ಎಂದರು.

ಸುಧಾಕರ ಸರ್ ಹಳೆಯ ವಿದ್ಯುತ್ ಕಂಪನಿ, ಎಣ್ಣೆ ಕಂಪನಿಗಳ ಹೆಸರು ಹೇಳಿದರು. ಗೌಡರು ಕೈಯಾಡಿಸಿದರು.

"ಎಣ್ಣೆಯ ವಿಚಾರ ನನಗೆಂತ ಗೊತ್ತುಂಟು? ಇಡೀ ಜೀವನ ಮಾಡಿದ್ದು ವಿಮೆ. ಯಾವ ಕಂಪನಿ ಹೇಗೆ ಅಂತ ಒಳಗಿಂದ ನೋಡಿದ್ದೇನೆ. ನನಗೆ ವಿಮಾ ಕಂಪನಿಯದ್ದೇ ಆಗ್ಬೇಕು."

"ಎಲ್ಲ ಒಂದೇ ಬುಟ್ಟಿಗೆ ಬೇಡ ಗೌಡ್ರೆ. ಅರ್ಧ ಅಂಚೆ ಕಚೇರಿಯಲ್ಲಿ ಇರಲಿ," ಎಂದರು ಸರ್.

ಅದಕ್ಕೆ ಅವರು ಒಪ್ಪಿದರು. ಖಾತೆ ಮಗಳ ಹೆಸರಿನಲ್ಲಿ ಆಯಿತು. ಅವಳು ಮನೆಯಲ್ಲೇ ಸಹಿ ಹಾಕಿ ಕಳಿಸಿದಳು, ಅಪ್ಪ ಅವಳ ಪರವಾಗಿ ಹೇಳಿದರೆ ಸಾಕೆಂಬ ಒಪ್ಪಿಗೆಯ ಕಾಗದವೂ ಬಂತು. ಇನ್ನು ಉಳಿದದ್ದು ಆರಿಸುವುದು.

ಅದಕ್ಕೆ ನಾವು ಮೂವರೂ ಕೂತದ್ದು ಒಂದು ಶನಿವಾರ. ಶೇರು ಪೇಟೆ ಇಲ್ಲದ ದಿನ, ಕಚೇರಿಯಲ್ಲಿ ಗಲಾಟೆ ಇಲ್ಲ. ಸುಧಾಕರ ಸರ್ ಕಂಪನಿಗಳ ವಾರ್ಷಿಕ ವರದಿಗಳನ್ನು ಹರಡಿದ್ದರು. ಒಂದು ಕಂಪನಿ ವೇಗವಾಗಿ ಬೆಳೆಯುತ್ತಿತ್ತು, ಹೊಸ ಪಾಲಿಸಿಗಳ ರಾಶಿಯೇ ಬಂದಿತ್ತು. ಲಾಭ ಮಾತ್ರ ಅಲ್ಲೇ ನಿಂತಿತ್ತು. ಇನ್ನೊಂದು ಕಂಪನಿ ನಿಧಾನ, ಅದರ ಲಾಭ ಚೆನ್ನಾಗಿತ್ತು.

"ಹೆಚ್ಚು ವ್ಯಾಪಾರ ಮಾಡಿದವನಿಗೆ ಕಡಿಮೆ ಲಾಭವಾ?" ಗೌಡರು ಕೇಳಿದರು.

"ಹೊಸ ಪಾಲಿಸಿ ಬಂದ ವರ್ಷ ಕಂಪನಿಗೆ ಖರ್ಚೇ ಹೆಚ್ಚು. ನಿಮ್ಮ ಕಮಿಷನ್ನು, ಡಾಕ್ಟರು, ಜಾಹೀರಾತು, ಮತ್ತೆ ಕಾನೂನಿನ ಪ್ರಕಾರ ತೆಗೆದಿಡಬೇಕಾದ ಹಣ. ಮೊದಲ ಕಂತು ಅದಕ್ಕೆ ಸಾಲುದಿಲ್ಲ. ಲಾಭ ಬರುದು ಆಮೇಲಿನ ವರ್ಷಗಳಲ್ಲಿ," ಎಂದರು ಸರ್.

"ಹಾಗಾದ್ರೆ ಲಾಭ ಕಡಿಮೆ ಇದ್ದದ್ದೇ ಒಳ್ಳೆ ಕಂಪನಿ?"

"ಹಾಗೂ ಹೇಳಲಿಕ್ಕೆ ಆಗುದಿಲ್ಲ."

ಅದಕ್ಕೇ ಎಂಬೆಡೆಡ್ ವ್ಯಾಲ್ಯೂ ಎಂಬ ಲೆಕ್ಕ ಇದೆ ಎಂದು ಸರ್ ವಿವರಿಸಿದರು. ಈಗಾಗಲೇ ಮಾಡಿದ ಪಾಲಿಸಿಗಳಿಂದ ಮುಂದೆ ಎಷ್ಟು ಲಾಭ ಬರಬಹುದು ಎಂದು ಅಂದಾಜಿಸಿ, ಅದನ್ನು ಇಂದಿನ ಬೆಲೆಗೆ ಇಳಿಸಿ, ಶೇರುದಾರರ ಬಂಡವಾಳದ ಜೊತೆ ಕೂಡಿಸುವುದು. ಆ ಅಂದಾಜಿನ ಒಳಗೆ ಎಷ್ಟು ಮಂದಿ ಸಾಯಬಹುದು, ಎಷ್ಟು ಮಂದಿ ನಡುವೆ ಬಿಡಬಹುದು, ಬಡ್ಡಿ ಎಷ್ಟಿರಬಹುದು ಎಂಬ ಇನ್ನಷ್ಟು ಅಂದಾಜುಗಳಿರುತ್ತವೆ. ಗೌಡರು ತುಂಬ ಹೊತ್ತು ಕೇಳಿ, "ಅಂದ್ರೆ ಅವರಿಗೂ ಗೊತ್ತಿಲ್ಲ," ಎಂದರು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

ಗೌಡರ ಲೆಕ್ಕವೇ ಬೇರೆ. ಯಾವ ಕಂಪನಿ ಮರಣದ ಹಣವನ್ನು ಸತಾಯಿಸದೆ ಕೊಡುತ್ತದೆ ಎಂಬುದು ಅವರಿಗೆ ಮುಖ್ಯ. ನನಗೆ ಡಿವಿಡೆಂಡಿನ ಲೆಕ್ಕ. ಮೂರು ಲೆಕ್ಕಗಳು ಮೂರು ಕಡೆ ತೋರಿಸಿದವು. ಕೊನೆಗೆ ಎರಡು ಕಂಪನಿಗಳನ್ನು ಸಮಪಾಲು ಕೊಳ್ಳುವುದೆಂದಾಯಿತು: ವೇಗದ್ದು ಒಂದು, ನಿಧಾನದ್ದು ಒಂದು. ಆರಿಸಲು ಗೊತ್ತಾಗದವರು ಯಾವಾಗಲೂ ಮಾಡುವುದು ಅದನ್ನೇ. ಸೋಮವಾರ ಆರ್ಡರ್ ಹಾಕಿದೆ.

ಮೊದಲ ಡಿವಿಡೆಂಡ್ ಬಂದಾಗ ಗೌಡರು ಫೋನ್ ಮಾಡಿ, "ಇದು ತಿಂಗಳದ್ದಾ?" ಎಂದರು. ಅಲ್ಲ, ಇಡೀ ವರ್ಷದ್ದು ಎಂದೆ. ಬೆಳೆಯುವ ಕಂಪನಿ ಹಣವನ್ನು ಒಳಗೇ ಇಟ್ಟುಕೊಳ್ಳುತ್ತದೆ, ಶೇರಿನ ಬೆಲೆ ಏರುತ್ತದೆ, ಡಿವಿಡೆಂಡ್ ಸಣ್ಣದು. ಇದನ್ನು ಅವರಿಗೆ ಮೊದಲೇ ಹೇಳಿದ್ದೆವು. ಹೇಳಿದ್ದೂ ಅವರು ಕೇಳಿಸಿಕೊಂಡದ್ದೂ ಒಂದೇ ಆಗಿರಲಿಲ್ಲ.

ಅದಾದ ಮೇಲೆ ಗೌಡರು ಪುತ್ತೂರಿಗೆ ಬಂದಾಗಲೆಲ್ಲ ನಮ್ಮಲ್ಲಿಗೆ ಬಂದು ವಾರ್ಷಿಕ ವರದಿ ತೆಗೆದು ಕೂರುವ ರೂಢಿ ಆಯಿತು. ಇಂಗ್ಲಿಷ್ ಓದಲು ಬರುತ್ತಿತ್ತು, ಸಿಕ್ಕಿಕೊಂಡಲ್ಲಿ ನನ್ನನ್ನು ಕೇಳುತ್ತಿದ್ದರು. ಒಂದು ದಿನ ಒಂದು ಪುಟದ ಮೇಲೆ ಬೆರಳಿಟ್ಟು, "ಶಾರದಕ್ಕ, ನಡುವಲ್ಲಿ ಬಿಟ್ಟ ಪಾಲಿಸಿಗಳಿಂದ ಬಂದ ಆದಾಯ ಅಂತ ಉಂಟಲ್ಲ, ಇದೆಂತ?" ಎಂದರು.

ನಾನು ಓದಿ ಹೇಳಿದೆ. ಒಂದೆರಡು ವರ್ಷ ಕಂತು ಕಟ್ಟಿ ನಿಲ್ಲಿಸಿದವರಿಗೆ ಕಟ್ಟಿದ್ದೆಲ್ಲ ತಿರುಗಿ ಸಿಗುವುದಿಲ್ಲ. ಉಳಿದದ್ದು ಕಂಪನಿಯಲ್ಲಿ ನಿಲ್ಲುತ್ತದೆ.

"ಕಂಪನಿಯಲ್ಲಿ ಅಂದ್ರೆ ಯಾರ ಹತ್ರ?"

"ಬೋನಸ್ ಬರುವ ಪಾಲಿಸಿ ಆದ್ರೆ ಹೆಚ್ಚಿನದ್ದು ಉಳಿದ ಪಾಲಿಸಿದಾರರಿಗೇ ಹೋಗ್ತದೆ. ಬೋನಸ್ ಇಲ್ಲದ್ದಾದ್ರೆ ಶೇರುದಾರರಿಗೆ."

"ಶೇರುದಾರರು ಅಂದ್ರೆ ಹೇಮ."

ಗೌಡರು ಸುಳ್ಯದ ಕಡೆಯ ಒಬ್ಬ ಹೆಂಗಸಿನ ಕತೆ ಹೇಳಿದರು. ಬೀಡಿ ಕಟ್ಟಿ ಉಳಿಸಿದ್ದರಲ್ಲಿ ಪಾಲಿಸಿ ಮಾಡಿದ್ದಳು, ಬೆನ್ನು ಹಿಡಿದು ಕೂರಲು ಆಗದೆ ಎರಡನೆಯ ವರ್ಷಕ್ಕೆ ಬಿಟ್ಟಳು. ಕಟ್ಟಿದ ದುಡ್ಡು ಎಲ್ಲಿ ಹೋಯಿತೆಂದು ಅವಳು ಕೇಳಿದ್ದಕ್ಕೆ, ಕಂಪನಿಯಲ್ಲೇ ಉಂಟು, ಎಲ್ಲಿಗೂ ಹೋಗುವುದಿಲ್ಲ ಎಂದು ಇವರು ಸಮಾಧಾನ ಹೇಳಿದ್ದರು.

"ನಾನು ಸುಳ್ಳು ಹೇಳ್ಲಿಲ್ಲ. ಆದ್ರೆ ಈಗ ನೋಡಿದ್ರೆ ಅದು ನನ್ನ ಮನೆಗೇ ಬಂದ ಹಾಗಾಯ್ತಲ್ಲ," ಎಂದರು.

"ಅವಳದ್ದು ಬೇರೆ ಕಂಪನಿಯ ಪಾಲಿಸಿ ಇರಬಹುದು ಗೌಡ್ರೆ."

"ಇರಬಹುದು. ಇನ್ನೊಬ್ಬಳದ್ದು ಇದೇ ಕಂಪನಿದ್ದೂ ಇರಬಹುದು."

ಜನ ಪಾಲಿಸಿ ಬಿಡದ ಹಾಗೆ ಮನೆ ಮನೆಗೆ ಹೋಗಿ ನೆನಪಿಸುವುದು ಅವರ ನಿತ್ಯದ ಕೆಲಸ. ಬಿಟ್ಟರೆ ಮಗಳ ಶೇರಿಗೆ ಲಾಭ, ಬಿಡದಿದ್ದರೂ ಲಾಭ ಎಂದು ಸರ್ ಹೇಳುತ್ತಿದ್ದರು. ಕೆಲವು ಪಾಲಿಸಿಗಳಲ್ಲಿ ಜನ ಬಿಟ್ಟದ್ದೇ ಕಂಪನಿಗೆ ಒಳ್ಳೆಯದು, ಕೆಲವಲ್ಲಿ ನಿಂತದ್ದೇ ಒಳ್ಳೆಯದು. ಯಾವುದರಲ್ಲಿ ಯಾವುದು ಎಂದು ನಮ್ಮ ಕೇಂದ್ರ ಕಚೇರಿಯ ತಜ್ಞರನ್ನು ಫೋನಿನಲ್ಲಿ ಕೇಳಿದೆ. ಅವರು ಅರ್ಧ ಗಂಟೆ ಮಾತಾಡಿದರು. ಫೋನ್ ಇಡುವಾಗ ನನಗೆ ಮೊದಲು ಗೊತ್ತಿದ್ದದ್ದೂ ಮಸುಕಾಗಿತ್ತು.

ಕೊರೊನಾ ಬಂತು. ಕಚೇರಿಗೆ ಒಬ್ಬರೋ ಇಬ್ಬರೋ ಹೋಗುತ್ತಿದ್ದೆವು. ವಿಮಾ ಕಂಪನಿಗಳು ಆ ವರ್ಷದ ಡಿವಿಡೆಂಡ್ ಕೊಡದೆ ಬಂಡವಾಳ ಉಳಿಸಿಕೊಳ್ಳಬೇಕೆಂದು ನಿಯಂತ್ರಣ ಪ್ರಾಧಿಕಾರದಿಂದಲೇ ಸೂಚನೆ ಬಂತು. ಕಷ್ಟದ ವರ್ಷದಲ್ಲಿ ಯಾರು ಕೊಟ್ಟಿದ್ದಾರೆ ನೋಡು ಎಂದು ಕಲಿಸಿದ್ದ ಸುಧಾಕರ ಸರ್ ಆ ಸುದ್ದಿಯನ್ನು ಎರಡು ಸಲ ಓದಿದರು.

"ಇವರು ಕೊಡ್ಲಿಲ್ಲ ಅಂತ ಕೆಟ್ಟ ಕಂಪನಿಗಳು ಅಂತ ಹೇಳುದಾ ಸರ್?" ಎಂದೆ.

"ಕೊಟ್ಟಿದ್ದರೆ ಕೆಟ್ಟದಾಗ್ತಿತ್ತು," ಎಂದರು. ಆ ಸುದ್ದಿಯನ್ನು ಬದಿಗಿಟ್ಟು, "ವಿಮಾ ಕಂಪನಿಯ ಶೇರುದಾರ ಅಂದ್ರೆ ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂರುವವನು ಶಾರದಾ. ಎಲ್ಲರದ್ದೂ ಆದ ಮೇಲೆ ಉಳಿದರೆ ಅವನಿಗೆ. ಅದನ್ನು ತಿಳಿದು ಕೂರಬೇಕು. ನಾನೇ ಸರಿಯಾಗಿ ತಿಳಿದಿರ್ಲಿಲ್ಲ," ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ತಿಳಿದಿರಲಿಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಗೌಡರು ಆ ದಿನಗಳಲ್ಲಿ ಮಾಸ್ಕ್ ಕಟ್ಟಿಕೊಂಡು ಮರಣದ ಕ್ಲೇಮುಗಳ ಕಾಗದ ಹಿಡಿದು ಓಡಾಡುತ್ತಿದ್ದರು. ಅವರು ಪಾಲಿಸಿ ಮಾಡಿಸಿದ ಮನೆಗಳಲ್ಲೂ ಸಾವುಗಳಾಗಿದ್ದವು. ಒಮ್ಮೆ ಕಚೇರಿಯ ಬಾಗಿಲಲ್ಲೇ ನಿಂತು ಮಾತಾಡಿದರು.

"ಮೊನ್ನೆ ಒಂದು ಮನೆಗೆ ಹಣ ಬಂತು ಶಾರದಕ್ಕ. ಮಕ್ಕಳಿನ್ನೂ ಶಾಲೆಗೆ ಹೋಗುವವರು. ಆ ತಾಯಿ ನನ್ನ ಎದುರು ಒಂದು ಮಾತೂ ಆಡ್ಲಿಲ್ಲ, ಚಾಪೆ ಹಾಕಿ ಕೂರಿಸಿದಳು. ಹೇಮಳ ಡಿವಿಡೆಂಡ್ ಬಾರದ್ದು ಇಂಥದ್ದಕ್ಕೆ ಅಂತಾದ್ರೆ ಬಾರದಿರಲಿ ಅಂತ ಅನ್ನಿಸ್ತು. ಬಸ್ಸಲ್ಲಿ ಬರುವಾಗ ಮತ್ತೆ ಹೇಮಳ ಕಾಲಿನ ಚಿಕಿತ್ಸೆ ನೆನಪಾಯ್ತು. ಆಗ ಬೇರೆ ಅನ್ನಿಸ್ತು."

"ಎಂತ ಅನ್ನಿಸ್ತು?"

"ಅದೇ ಗೊತ್ತಾಗುದಿಲ್ಲ. ನಾನು ಯಾವ ಕಡೆಯವ ಅಂತ."

ಸುಧಾಕರ ಸರ್ ನಿವೃತ್ತರಾದರು. ಮೇಲಿನವರಾಗಿ ಬಂದವರು ಊರಿಂದೂರಿಗೆ ಕಾರಿನಲ್ಲಿ ಹೋಗುತ್ತಲೇ ಹತ್ತಾರು ಶಾಖೆ ನೋಡಿಕೊಳ್ಳುವ ಅಧಿಕಾರಿ. ಅವರು ಮಾತಾಡುವುದು ಮೊಬೈಲ್ ಸಂದೇಶದಲ್ಲಿ. ಒಂದು ಸಲ ದೊಡ್ಡ ಕಂತಿನ ಪಾಲಿಸಿಗಳ ತೆರಿಗೆ ವಿನಾಯಿತಿಯನ್ನು ಬಜೆಟಿನಲ್ಲಿ ತೆಗೆದಾಗ ವಿಮಾ ಶೇರುಗಳು ಬಿದ್ದವು, ಅವರು ಮಾರಿಸಿ ಎಂದರು. ಬೆಲೆ ಏರಿತು, ಕೊಳ್ಳಿಸಿ ಎಂದರು. ಇನ್ನೊಂದು ಸಲ, ನಡುವೆ ಪಾಲಿಸಿ ಬಿಡುವವರಿಗೆ ಮೊದಲಿಗಿಂತ ಹೆಚ್ಚು ಹಣ ತಿರುಗಿ ಕೊಡಬೇಕೆಂಬ ನಿಯಮ ಬಂತು. ಶೇರುಗಳು ಮತ್ತೆ ಕುಸಿದವು. ಸಂದೇಶ ಬಂತು: ಗ್ರಾಹಕರಿಗೆ ತಕ್ಷಣ ತಿಳಿಸಿ.

ನಾನು ಗೌಡರಿಗೆ ಫೋನ್ ಮಾಡಿದೆ. ಅವರು ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿದ್ದರು, ಸುತ್ತ ಗದ್ದಲ.

"ಒಳ್ಳೆದಾಯ್ತಲ್ಲ. ಬಿಟ್ಟವರಿಗೆ ಇನ್ನು ಸ್ವಲ್ಪ ಹೆಚ್ಚು ಸಿಗ್ತದೆ," ಎಂದರು.

"ಹೊಸ ಪಾಲಿಸಿಗಳಿಗೆ ಮಾತ್ರ ಗೌಡ್ರೆ. ನಿಮ್ಮ ಹಳೆಯವರಿಗೆ ಇಲ್ಲ. ಮತ್ತೆ ಹೇಮಲತಾಳ ಶೇರು ಬಿದ್ದಿದೆ. ಅದನ್ನು ಹೇಳಲಿಕ್ಕೆ ಮಾಡಿದ್ದು."

"ಬಿದ್ದಿತಾ." ಬಸ್ಸೊಂದು ಹಾರ್ನ್ ಹಾಕಿತು. "ನಮ್ಮ ಕಮಿಷನ್ ಕೂಡ ಕಡಿಮೆ ಮಾಡ್ತಾರಂತೆ ಇದಕ್ಕಾಗಿ. ನೀವು ಎಂತ ಹೇಳುದು, ಮಾರುದಾ ಇಡುದಾ?"

"ಅದು ನಿಮ್ಮ ತೀರ್ಮಾನ ಗೌಡ್ರೆ."

"ನನಗೆ ತೀರ್ಮಾನ ಮಾಡ್ಲಿಕ್ಕೆ ಗೊತ್ತಿದ್ರೆ ನಿಮ್ಮನ್ನು ಯಾಕೆ ಕೇಳ್ತಿದ್ದೆ ಮಾರಾಯ್ರೆ," ಎಂದು ಬೇಸರದಲ್ಲೇ ಫೋನ್ ಇಟ್ಟರು. ಮಾರಲೂ ಇಲ್ಲ, ಹೆಚ್ಚು ಕೊಳ್ಳಲೂ ಇಲ್ಲ.

ಎಲ್ಲ ಖಾತೆದಾರರ ಗುರುತನ್ನು ಹೊಸದಾಗಿ ಪರೀಕ್ಷಿಸಬೇಕೆಂಬ ಆದೇಶ ಬಂದದ್ದು ನನ್ನ ನಿವೃತ್ತಿಗೆ ಸ್ವಲ್ಪ ಮೊದಲು. ಮನೆಯಲ್ಲೇ ಮೊಬೈಲ್ ಎದುರು ಕೂತು, ಹೇಳಿದಾಗ ಕಣ್ಣು ಮಿಟುಕಿಸಬೇಕು, ಪರದೆಯ ಮೇಲಿನ ಅಂಕಿಗಳನ್ನು ಓದಬೇಕು. ಹೇಮಲತಾಳ ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಅಂಕಿ ಓದಿ ಮುಗಿಸುವಷ್ಟರಲ್ಲಿ ಸಮಯ ಮುಗಿಯುತ್ತದೆ. ಯಂತ್ರ ಅವಳನ್ನು ಮನುಷ್ಯಳೆಂದು ಒಪ್ಪಲಿಲ್ಲ. ಖಾತೆ ಸ್ಥಗಿತವಾಯಿತು. ಕಚೇರಿಗೇ ಬರಬೇಕಾಯಿತು.

ಅವಳನ್ನು ನಾನು ನೋಡಿದ್ದು ಅದೇ ಮೊದಲು. ಬದಿಯ ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ಅಪ್ಪ ತೋಳು ಹಿಡಿಯಲು ಬಂದರೆ ಬೇಡವೆಂದು ಸರಿದಳು. ನೀಲಿ ಚೂಡಿದಾರ, ಹೆಗಲಿಗೆ ಚೀಲ. ಕೂತು ಸುಧಾರಿಸಿಕೊಂಡು ನನ್ನನ್ನು ನೋಡಿ ನಕ್ಕಳು.

"ನಿಮ್ಮ ದನಿ ಗೊತ್ತುಂಟು ಅಕ್ಕ. ಅಪ್ಪ ಸ್ಪೀಕರಲ್ಲಿ ಹಾಕಿ ಮಾತಾಡುದು."

ಗುರುತಿನ ಕೆಲಸವನ್ನು ಕೈಯಿಂದಲೇ ಮುಗಿಸಿದೆ. ಹೊಸ ನಿಯಮದಂತೆ ಖಾತೆದಾರರನ್ನೇ ಕೇಳಬೇಕಾದ ಒಂದು ಪ್ರಶ್ನೆ ಇತ್ತು: ಹೂಡಿಕೆಯ ಉದ್ದೇಶವೇನು? ಗೌಡರು ಬಾಯಿ ತೆರೆದರು. ನಾನು, "ಅವಳೇ ಹೇಳಬೇಕು," ಎಂದೆ.

ಹೇಮಲತಾ ಒಂದೊಂದೇ ಮಾತು ಜೋಡಿಸಿದಳು. "ನನಗೆ ಅರ್ಧ ಮಾರಬೇಕು."

ಗೌಡರು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಅವಳಿಗೆ ಏನೋ ಹೇಳಿದರು. ಅವಳು ಅದೇ ನಿಧಾನದಲ್ಲಿ ಉತ್ತರಿಸಿದಳು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. ಅಪ್ಪನ ಪಾಲಿಸಿದಾರರಿಗೆಲ್ಲ ಕಂತಿನ ದಿನ ನೆನಪಿಸುವುದು ಹಲವು ವರ್ಷಗಳಿಂದ ಅವಳೇ. ಮೊಬೈಲಿನಲ್ಲಿ ದನಿ ಸಂದೇಶ ಕಳಿಸುತ್ತಾಳೆ. ಜನರಿಗೆ ಅವಳ ದನಿಯ ಗುರುತಿದೆ, ತಿರುಗಿ ಮನೆಯ ಸುದ್ದಿ ಹೇಳುತ್ತಾರೆ. ಅವಳಿಗೀಗ ಏಜೆಂಟರ ಪರೀಕ್ಷೆ ಬರೆಯಬೇಕು, ತನ್ನದೇ ಲೈಸೆನ್ಸ್ ಬೇಕು. ಹಿಂದೆ ಜೋಡಿ ಚಕ್ರ ಇರುವ ಸ್ಕೂಟರ್ ಬೇಕು.

"ಅದು ನಾನು ಇಲ್ಲದ ಕಾಲಕ್ಕೆ ಅಂತ ಇಟ್ಟದ್ದು ಶಾರದಕ್ಕ. ನೀವಾದ್ರೂ ಹೇಳಿ," ಎಂದರು ಗೌಡರು.

"ನೀವು ಇರುವಾಗಲೇ ನನಗೆ ಕಲೀಬೇಕಪ್ಪ," ಎಂದಳು ಅವಳು. "ನೀವು ಇಲ್ಲದಾಗ ಕಲಿಸುದು ಯಾರು?"

ಇಷ್ಟು ವರ್ಷ ನಾವು ಮೂವರು ಅವಳ ಆದಾಯದ ಬಗ್ಗೆ ಅಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದೆವು. ಅವಳಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ.

"ಯಾವುದನ್ನು ಮಾರುದು?" ಎಂದು ಕೇಳಿದೆ. ಎರಡರ ಬೆಲೆಯನ್ನೂ ಪರದೆಯಲ್ಲಿ ತೋರಿಸಿದೆ. ವೇಗದ ಕಂಪನಿಯದು ಕೊಂಡ ಬೆಲೆಗಿಂತ ಮೇಲಿತ್ತು, ನಿಧಾನದ್ದು ಕೆಳಗಿತ್ತು. ಅವಳು ಎರಡನ್ನೂ ನೋಡಿ ಅಪ್ಪನನ್ನು ನೋಡಿದಳು. ಅಪ್ಪ ನನ್ನನ್ನು ನೋಡಿದರು. ನಾನು ಪರದೆಯನ್ನೇ ನೋಡುತ್ತ ಕೂತೆ. ಏರಿದ್ದನ್ನು ಮಾರಬೇಕೋ, ಏರುವುದನ್ನು ಇಟ್ಟುಕೊಂಡು ಬಿದ್ದದ್ದನ್ನು ಬಿಡಬೇಕೋ, ನನ್ನ ವೃತ್ತಿಯ ಮೊದಲ ದಿನವೂ ಗೊತ್ತಿರಲಿಲ್ಲ, ಅಂದೂ ಗೊತ್ತಿರಲಿಲ್ಲ.

"ನಷ್ಟ ಇಲ್ಲದ್ದನ್ನು ಮಾರಿ," ಎಂದಳು ಹೇಮಲತಾ. ವೇಗದ ಕಂಪನಿಯದ್ದನ್ನು ಪೂರ್ತಿ ಮಾರಿದೆ. ಕ್ಷಣದಲ್ಲಿ ಮುಗಿಯಿತು. ಅವಳು ಸಹಿ ಹಾಕಿ, ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದಳು.

ಗೌಡರು ಕುರ್ಚಿಯಿಂದ ಏಳಲಿಲ್ಲ. "ಅವಳು ಬಿದ್ದರೆ?" ಎಂದು ಕೇಳಿದರು. ಮೆಟ್ಟಿಲಲ್ಲೋ, ಸ್ಕೂಟರಿನಿಂದಲೋ, ಜೀವನದಲ್ಲೋ ಎಂದು ನಾನು ಕೇಳಲಿಲ್ಲ. ಕೆಳಗಿನಿಂದ ಅವಳು "ಅಪ್ಪ, ಬಸ್ಸು!" ಎಂದು ಕರೆದಳು. ಅವರು ಎದ್ದು ಹೋದರು.

ಅದಾಗಿ ಕೆಲವು ದಿನಕ್ಕೆ ನಾನು ನಿವೃತ್ತಳಾದೆ. ಹೇಮಲತಾ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಬರೆದು ಪಾಸಾದಳೆಂದು ಗೊತ್ತಾಯಿತು. ಉಳಿದ ಶೇರು ಈಗಲೂ ಅವಳ ಖಾತೆಯಲ್ಲಿದೆ. ನಿಧಾನದ ಕಂಪನಿ, ವರ್ಷಕ್ಕೊಮ್ಮೆ ಡಿವಿಡೆಂಡ್ ಕೊಡುತ್ತದೆ. ಮಾರಿದ ಶೇರಿನ ಬೆಲೆಯನ್ನು ನಾನು ಇಂದಿಗೂ ಮೊಬೈಲಿನಲ್ಲಿ ನೋಡುತ್ತೇನೆ. ಅದು ಆಮೇಲೆ ಏರುತ್ತಲೇ ಹೋಯಿತು. ಇಟ್ಟಿದ್ದರೆ ಎಂದು ಲೆಕ್ಕ ಹಾಕಲು ಹೋಗಿ ನಡುವೆ ಬಿಡುತ್ತೇನೆ, ಯಾಕೆಂದರೆ ಆ ಲೆಕ್ಕದಲ್ಲಿ ಸ್ಕೂಟರನ್ನು ಯಾವ ಬದಿಗೆ ಬರೆಯಬೇಕೆಂದು ತಿಳಿಯುವುದಿಲ್ಲ.

ಕಳೆದ ತಿಂಗಳು ತಂಗಿಯ ಮನೆಗೆ ಹೋಗುವಾಗ ಸವಣೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರೊಂದು ಬಂದು ನಿಂತಿತು. ಹೆಲ್ಮೆಟ್ಟಿನೊಳಗೆ ಹೇಮಲತಾ. ಹಿಂದಿನ ಸೀಟಿನಲ್ಲಿ ಲಿಂಗಪ್ಪ ಗೌಡರು, ಎದೆಗೆ ಚೀಲ ಅವಚಿಕೊಂಡು, ಬಿಗಿಯಾಗಿ ಕೂತಿದ್ದರು. ಆಲಂಕಾರಿನ ಒಂದು ಮನೆಗೆ ಹೊಸ ಪಾಲಿಸಿಯ ಮಾತಾಡಲು ಹೊರಟದ್ದಂತೆ. ಪಾಲಿಸಿ ಅವಳದು, ಪರಿಚಯ ಅಪ್ಪನದು.

ಕಾಲು ನೆಟ್ಟಗೆ ಮಾಡಿಕೊಳ್ಳಲು ಗೌಡರು ಇಳಿದರು. ನಾಲ್ಕು ಹೆಜ್ಜೆ ಈಚೆಗೆ ಬಂದು, ಮಗಳಿಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ಆ ಶೇರು ಈಗ ಎಷ್ಟು ಉಂಟು ಶಾರದಕ್ಕ? ಮಾರಿದ್ದು."

ಹೇಳಿದೆ. ಅವರು ಕಣ್ಣು ಮುಚ್ಚಿ ತೆರೆದರು.

"ಹೇಮಳಿಗೆ ಹೇಳ್ಬೇಡಿ ಆಯ್ತಾ. ಬೇಜಾರು ಮಾಡ್ಕೊಳ್ತಾಳೆ."

"ನನಗೆ ಗೊತ್ತುಂಟಪ್ಪ," ಎಂದಳು ಹೇಮಲತಾ ಸ್ಕೂಟರಿನ ಮೇಲಿಂದ, ತನ್ನ ನಿಧಾನದಲ್ಲೇ. "ದಿನಾ ನೋಡ್ತೇನೆ. ಹತ್ತಿ, ಹೊತ್ತಾಯ್ತು. ಮುಂದೆ ಏರು ಉಂಟು, ಗಟ್ಟಿ ಹಿಡ್ಕೊಳ್ಳಿ."